ತಗಡಿನ ಟ್ರಂಕಿನಲ್ಲಿ ಚಹಾ ಒಣಗಿಸಿದ ಲೆಕ್ಕ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮುಖ್ಯರಸ್ತೆಯಿಂದ ಎರಡು ಮೈಲಿ ಒಳಗಿರುವ ನಮ್ಮ ಅಡಿಕೆ ತೋಟದ ಮೇಲಿನ ದರೆಯಂಚಿನಲ್ಲಿ ಹದಿನಾಲ್ಕು ಚಹಾ ಗಿಡಗಳಿವೆ. ಕಳಸದ ಕಡೆಯ ಪರಿಚಯದವರೊಬ್ಬರು ಆರು ವರ್ಷಗಳ ಹಿಂದೆ ಕೊಟ್ಟ ಸಸಿಗಳು ಅವು. ಚಹಾ ಗಿಡಕ್ಕೆ ಹುಳಿ ಮಣ್ಣು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ನಮ್ಮ ಜಂಬಿಟ್ಟಿಗೆ ದರೆ ಇವೆರಡನ್ನೂ ಪುಕ್ಕಟೆಯಾಗಿ ಒದಗಿಸಿತು. ಹಾಗಾಗಿ ಬೆಳೆಸುವುದರಲ್ಲಿ ನನ್ನ ಹೆಗ್ಗಳಿಕೆ ಏನೂ ಇಲ್ಲ. ಕಷ್ಟವೆಲ್ಲ ಚಿವುಟಿದ ಎಲೆಯನ್ನು ಚಹಾ ಮಾಡುವುದರಲ್ಲಿತ್ತು, ಅದರಲ್ಲಿಯೂ ಒಣಗಿಸುವುದರಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ, ನಮ್ಮಲ್ಲಿ ಅದಕ್ಕಿಂತ ತುಸು ಕಡಿಮೆ. ಚಿಗುರು ಕೈಗೆ ಸಿಗುವ ದಿನಗಳಲ್ಲಿ ಬಿಸಿಲು ಸಿಗುವುದಿಲ್ಲ, ಬಿಸಿಲು ಸಿಗುವ ದಿನಗಳಲ್ಲಿ ಚಿಗುರು ಸಿಗುವುದಿಲ್ಲ. ಈ ವರ್ಷ ರೋಹಿಣಿ ಮಳೆಯಿಂದ ಹಸ್ತದ ಮಳೆಯವರೆಗೆ ಒಂದು ಒಣಗಿಸುವ ಪೆಟ್ಟಿಗೆಯನ್ನು ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿದ ವಿವರ ಇದು.

ಪೆಟ್ಟಿಗೆಯ ಅಳತೆಗೆ ಬರುವ ಮೊದಲು ಎಲೆಯ ಅಳತೆಯನ್ನು ಹೇಳಬೇಕು. ಎರಡು ಎಲೆ ಒಂದು ಮೊಗ್ಗು ಎಂಬ ಲೆಕ್ಕದಲ್ಲಿ ಚಿವುಟಿದ ಹಸಿ ಚಿಗುರಿನಲ್ಲಿ ನೂರಕ್ಕೆ 75ರಿಂದ 80ರಷ್ಟು ನೀರಿರುತ್ತದೆ, ಡಬ್ಬಿಗೆ ಹಾಕುವ ಹೊತ್ತಿಗೆ ಅದು 3ಕ್ಕೆ ಇಳಿಯಬೇಕು. ಅಂದರೆ ಒಂದು ಕಿಲೋ ಹಸಿ ಎಲೆಗೆ ಸಿಗುವ ಚಹಾ ಸುಮಾರು 230 ಗ್ರಾಂ. ಕಪ್ಪು ಚಹಾಕ್ಕೆ ಮೊದಲು ಎಲೆಯನ್ನು ಬಾಡಿಸಬೇಕು, ಬಾಡಿದ್ದನ್ನು ಹೊಸೆಯಬೇಕು, ಹೊಸೆದದ್ದನ್ನು ಗಾಳಿಗೆ ಹರಡಿ ಬಣ್ಣ ತಿರುಗಲು ಬಿಡಬೇಕು, ಕೊನೆಗೆ ಬಿಸಿ ಗಾಳಿಯಲ್ಲಿ ಒಣಗಿಸಬೇಕು. ಈ ಬಣ್ಣ ತಿರುಗಿಸುವ ಹಂತವನ್ನು ಹುದುಗುವುದು ಎಂದು ಕರೆಯುವ ವಾಡಿಕೆ ಇದೆಯಾದರೂ ಅಲ್ಲಿ ಇಡ್ಲಿ ಹಿಟ್ಟಿನಂತೆ ಸೂಕ್ಷ್ಮಜೀವಿಗಳ ಕೆಲಸವೇನೂ ಇಲ್ಲ. ಹೊಸೆದಾಗ ಎಲೆಯ ಜೀವಕೋಶಗಳು ಒಡೆದು, ಒಗರಿನ ಪದಾರ್ಥಗಳಾದ ಕೆಟಚಿನ್‌ಗಳಿಗೆ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವವೂ ಗಾಳಿಯ ಆಮ್ಲಜನಕವೂ ತಾಗಿ, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವ ಹಾಗೆ ಎಲೆ ಕೆಂಪಾಗುತ್ತದೆ. ಕಪ್ಪು ಚಹಾದ ಹೊಳಪಿಗೂ ಚುರುಕಿಗೂ ಕಾರಣವಾದ ಥಿಯಾಫ್ಲೇವಿನ್, ಬಣ್ಣಕ್ಕೂ ದಪ್ಪಕ್ಕೂ ಕಾರಣವಾದ ಥಿಯಾರುಬಿಜಿನ್ ಎರಡೂ ಹುಟ್ಟುವುದು ಇಲ್ಲಿಯೇ. ಅಡಿಕೆ ಸುಲಿದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಅಡಿಕೆ ಬೇಯಿಸಿದ ರಸವಾದ ಚೊಗರಿನಲ್ಲಿ ಇರುವ ಒಗರೂ ಇದೇ ಕುಲದ್ದು, ಕೈಗೆ ಹತ್ತಿದರೆ ವಾರಗಟ್ಟಲೆ ಹೋಗದ ಕಲೆಯೂ ಇದೇ.

ನನಗಿದ್ದ ತೊಂದರೆಯನ್ನು ಹೀಗೆ ಹೇಳಬಹುದು. ಬಣ್ಣ ತಿರುಗಿಸಲು 25 ಡಿಗ್ರಿಯ ಆಸುಪಾಸಿನ ತಂಪೂ ತೊಟ್ಟಿಕ್ಕುವಂಥ ತೇವವೂ ಬೇಕು. ಅದಕ್ಕಾಗಿ ಕಾರ್ಖಾನೆಗಳಲ್ಲಿ ಮಂಜು ಎರಚುವ ಯಂತ್ರ ಇಡುತ್ತಾರೆ. ನಮ್ಮ ಜಗುಲಿಯಲ್ಲಿ ಜೂನ್ ತಿಂಗಳಿನಲ್ಲಿ ಅದು ತಾನಾಗಿಯೇ ಇರುತ್ತದೆ. ಆದರೆ ಅದರ ಹಿಂದಿನ ಬಾಡಿಸುವ ಹಂತಕ್ಕೂ ಮುಂದಿನ ಒಣಗಿಸುವ ಹಂತಕ್ಕೂ ಅದೇ ಗಾಳಿ ಶತ್ರು. ಮಲೆನಾಡಿನ ಮಳೆಗಾಲ ನಾಲ್ಕು ಹಂತಗಳಲ್ಲಿ ಒಂದನ್ನು ಮಾತ್ರ ಮಾಡಿಕೊಟ್ಟು ಎರಡನ್ನು ಕೆಡಿಸುತ್ತದೆ, ಉಳಿದ ಒಂದು ನಮ್ಮ ಕೈಯ ಬಲಕ್ಕೆ ಬಿಟ್ಟದ್ದು.

ಮೊದಲನೆಯ ಪೆಟ್ಟಿಗೆ ರೋಹಿಣಿ ಮಳೆಯ ಹೊತ್ತಿಗೆ ಸಿದ್ಧವಾಯಿತು. ಅಟ್ಟದ ಮೇಲೆ ಅಜ್ಜನ ಕಾಲದ ತಗಡಿನ ಟ್ರಂಕೊಂದು ಇತ್ತು: ಉದ್ದ 75, ಅಗಲ 45, ಆಳ 30 ಸೆಂಟಿಮೀಟರ್. ಅದನ್ನು ಎಬ್ಬಿಸಿ ನಿಲ್ಲಿಸಿದರೆ ಮುಚ್ಚಳವೇ ಬಾಗಿಲಾಗುತ್ತದೆ, ಚಿಲಕವೂ ಅದರದ್ದೇ. ಒಳಗೆ ಎಲ್ ಆಕಾರದ ಅಲ್ಯೂಮಿನಿಯಂ ಪಟ್ಟಿಗಳನ್ನು ರಿವೆಟ್ ಹೊಡೆದು ನಾಲ್ಕು ತಟ್ಟೆಗಳಿಗೆ ಆಸರೆ ಮಾಡಿದೆ. ತಟ್ಟೆಗಳ ಚೌಕಟ್ಟು ಹಲಸಿನ ರೀಪಿನದು, ತಳಕ್ಕೆ ತುಕ್ಕು ಹಿಡಿಯದ ಉಕ್ಕಿನ ತಂತಿಬಲೆ. ಕೆಳಗೆ ನೂರು ವಾಟಿನ ಎರಡು ಹಳೆಯ ತಂತಿ ಬಲ್ಬು, ಮೇಲೆ ಒಂದು ತೂತು. ಕೋಳಿಮರಿಗೆ ಶಾಖ ಕೊಡುವ ಪೆಟ್ಟಿಗೆಯನ್ನು ನೋಡಿ ಮಾಡಿದ ಯೋಚನೆ ಇದು, ಕೋಳಿಮರಿಗೆ ಇದು ಸಾಕಾಗುತ್ತಿತ್ತು ಕೂಡ.

ಚಹಾಕ್ಕೆ ಸಾಕಾಗಲಿಲ್ಲ. ಎರಡು ಗಂಟೆ ಉರಿಸಿದರೂ ಥರ್ಮಾಮೀಟರ್ 51 ಡಿಗ್ರಿಯಿಂದ ಮೇಲೇರಲಿಲ್ಲ. ಎಲೆ ಒಣಗುವುದಕ್ಕೆ ಒಂಬತ್ತು ಗಂಟೆ ಹಿಡಿಯಿತು. ಒಣಗಿದ ಮೇಲೆ ನೋಟಕ್ಕೆ ಚೆನ್ನಾಗಿಯೇ ಇದ್ದ ಆ ಚಹಾ ಬಟ್ಟಲಿನಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗಿ, ಬೇಯಿಸಿಟ್ಟ ಸೊಪ್ಪಿನಂತೆ ಸಪ್ಪೆಯಾಗಿತ್ತು. ಅಮ್ಮ ಒಂದು ಗುಟುಕು ಕುಡಿದು, "ಚೊಗರಿಗಾದರೂ ಒಂದು ಗುಣ ಉಂಟು" ಎಂದು ಲೋಟ ಕೆಳಗಿಟ್ಟರು. ಕಾರಣ ನಂತರ ತಿಳಿಯಿತು. ಕಿಣ್ವವು ತಣ್ಣಗಿರುವಾಗ ನಿಧಾನವಾಗಿಯೂ, ಬೆಚ್ಚಗಾದಾಗ ವೇಗವಾಗಿಯೂ ಕೆಲಸ ಮಾಡಿ, 70 ಡಿಗ್ರಿಯನ್ನು ದಾಟಿದ ಮೇಲೆ ಸಾಯುತ್ತಾ ಬರುತ್ತದೆ. ಒಣಗಿಸುವ ಶಾಖ ಅದನ್ನು ಕೂಡಲೇ ಕೊಲ್ಲಬೇಕು. 51 ಡಿಗ್ರಿಯ ಬೆಚ್ಚಗಿನ ತೇವದಲ್ಲಿ ನಾನು ಅದನ್ನು ಗಂಟೆಗಟ್ಟಲೆ ಸಾಕಿದ್ದೆ. ಹೊಳಪು ಕೊಡುವ ಥಿಯಾಫ್ಲೇವಿನ್ ಎಲ್ಲ ಅಷ್ಟರಲ್ಲಿ ಕಂದು ಪದಾರ್ಥಗಳಾಗಿ ಹೋಗಿತ್ತು. ಚಹಾದವರು ಇದನ್ನು ಎಲೆ ಬೆಂದುಹೋಯಿತು ಎನ್ನುತ್ತಾರೆ, ಮಾತು ಸರಿಯಾಗಿಯೇ ಇದೆ.

ಲೆಕ್ಕವನ್ನು ಮೊದಲೇ ಹಾಕಿದ್ದರೆ ಬಲ್ಬು ತರುವ ಪ್ರಸಂಗವೇ ಬರುತ್ತಿರಲಿಲ್ಲ. ಒಂದು ಕಿಲೋ ಎಲೆ ಬಾಡಿ 660 ಗ್ರಾಂ ಆಗುತ್ತದೆ, ಒಣಗಿ 230 ಗ್ರಾಂ ಆಗುತ್ತದೆ. ನಡುವಿನ 430 ಗ್ರಾಂ ನೀರನ್ನು ಪೆಟ್ಟಿಗೆ ಆವಿ ಮಾಡಬೇಕು. ಒಂದು ಕಿಲೋ ನೀರು ಆವಿಯಾಗಲು ಸುಮಾರು 23 ಲಕ್ಷ ಜೂಲ್ ಬೇಕಾಗುವುದರಿಂದ ಇಷ್ಟಕ್ಕೆ ಸರಿಸುಮಾರು 10 ಲಕ್ಷ ಜೂಲ್ ಬೇಕು. 200 ವಾಟಿನಲ್ಲಿ ಒಂದು ಹನಿ ಶಾಖವೂ ಪೋಲಾಗದಿದ್ದರೆ ಇದು 83 ನಿಮಿಷದ ಕೆಲಸ. ಆದರೆ ಟ್ರಂಕಿನ ಹೊರಮೈ ಸುಮಾರು 1.4 ಚದರ ಮೀಟರ್; ಬರಿಯ ತಗಡಿನ ಗೋಡೆ ಪ್ರತಿ ಚದರ ಮೀಟರಿಗೆ, ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, ಹತ್ತಿರ ಹತ್ತಿರ 5 ವಾಟ್ ಶಾಖವನ್ನು ಹೊರಗೆ ಬಿಡುತ್ತದೆ. ಒಳಗೆ 95, ಹೊರಗೆ 25 ಇದ್ದರೆ ಗೋಡೆಯಿಂದಲೇ 490 ವಾಟ್ ಹೋಯಿತು. ನಾನು ಎರಡು ಬಲ್ಬು ಹಾಕಿ ಇಡೀ ಜಗುಲಿಯನ್ನು ಕಾಯಿಸುತ್ತಿದ್ದೆ.

ಮೃಗಶಿರ ಮಳೆಯ ಒಂದು ಬಿಡುವಿನಲ್ಲಿ ಶಿವಮೊಗ್ಗಕ್ಕೆ ಹೋಗಿ, ನೆಹರೂ ರಸ್ತೆಯ ಅಂಗಡಿಗಳನ್ನು ಸುತ್ತಿ ಸಾಮಾನು ತಂದೆ: 500 ವಾಟಿನ ರೆಕ್ಕೆಯಿರುವ ಪಟ್ಟಿ ಹೀಟರ್ ಎರಡು, 12 ವೋಲ್ಟಿನ 120 ಮಿಲಿಮೀಟರ್ ಫ್ಯಾನು, ಡಬ್ಲ್ಯು 1209 ಎಂಬ ಸಣ್ಣ ತಾಪ ನಿಯಂತ್ರಕ, ಸಣ್ಣ ವಿದ್ಯುತ್ತಿನಿಂದ ದೊಡ್ಡ ಹೊರೆಯನ್ನು ಹಚ್ಚಿ ಆರಿಸುವ 30 ಆಂಪಿಯರಿನ ರಿಲೇ, 130 ಡಿಗ್ರಿಗೆ ಕತ್ತರಿಸುವ ಥರ್ಮಲ್ ಫ್ಯೂಸು, 25 ಮಿಲಿಮೀಟರ್ ದಪ್ಪದ ಗಾಜಿನ ಉಣ್ಣೆ. ಶಾಖ ತಡೆಯಲು ಅಡಿಕೆ ಸಿಪ್ಪೆಯನ್ನೇ ತುಂಬಬಾರದೇಕೆ ಎಂದು ನೆರೆಯವರು ಕೇಳಿದರು. ಸಿಪ್ಪೆಗೆ ನಮ್ಮಲ್ಲಿ ಬರವಿಲ್ಲ ನಿಜ, ಆದರೆ ಅದೇ ಸಿಪ್ಪೆಯಿಂದ ಬಚ್ಚಲೊಲೆಗೆ ಬೆಂಕಿ ಹೊತ್ತಿಸುತ್ತೇವೆ ಎಂಬುದನ್ನು ಮರೆಯಬಾರದು.

ತಂತಿ ಜೋಡಣೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಒದ್ದೆ ಕೈ, ಒದ್ದೆ ನೆಲ, ತಗಡಿನ ಪೆಟ್ಟಿಗೆ ಮೂರೂ ಒಂದೇ ಕಡೆ ಸೇರಿವೆ. ಎರಡು ಹೀಟರುಗಳು ಸೇರಿ 230 ವೋಲ್ಟಿನಲ್ಲಿ 4.3 ಆಂಪಿಯರ್ ಎಳೆಯುತ್ತವೆ. ನಿಯಂತ್ರಕದ ಮೇಲಿನ ರಿಲೇಗೆ 10 ಆಂಪಿಯರ್ ಎಂದು ಬರೆದಿದೆಯಾದರೂ ಬೋರ್ಡಿನ ತಾಮ್ರದ ಗೆರೆ ತೆಳ್ಳಗಿರುವುದನ್ನು ನೋಡಿ, ಅದರಿಂದ ದೊಡ್ಡ ರಿಲೇಯ ಸುರುಳಿಯನ್ನು ಮಾತ್ರ ಓಡಿಸಿ, ಹೀಟರಿನ ಹೊರೆಯನ್ನು ದೊಡ್ಡ ರಿಲೇಗೆ ವಹಿಸಿದೆ. ಫ್ಯಾನು, ನಿಯಂತ್ರಕ, ರಿಲೇ ಮೂರಕ್ಕೂ ಒಂದೇ 12 ವೋಲ್ಟಿನ ಅಡಾಪ್ಟರ್. ಇದು ಉಳಿತಾಯಕ್ಕಾಗಿ ಅಲ್ಲ: ಅಡಾಪ್ಟರ್ ಕೆಟ್ಟು ಫ್ಯಾನು ನಿಂತರೆ ರಿಲೇಯೂ ಬಿಟ್ಟುಕೊಂಡು ಹೀಟರ್ ಆರುತ್ತದೆ. ಫ್ಯಾನು ಒಂದೇ ಕೆಟ್ಟರೆ ಗಾಳಿಯ ದಾರಿಯಲ್ಲಿರುವ ಥರ್ಮಲ್ ಫ್ಯೂಸು ಕತ್ತರಿಸುತ್ತದೆ. ಟ್ರಂಕಿನ ಮೈಗೂ ಬಾಗಿಲಿಗೂ ಬೇರೆ ಬೇರೆಯಾಗಿ ಭೂಸಂಪರ್ಕದ ತಂತಿ ಬಿಗಿದೆ, ಏಕೆಂದರೆ ತುಕ್ಕು ಹಿಡಿದ ಕೀಲನ್ನು ನಂಬಿ ಬಾಗಿಲಿಗೆ ಭೂಸಂಪರ್ಕ ಇದೆ ಎಂದುಕೊಳ್ಳುವಂತಿಲ್ಲ. ಇಡೀ ಪೆಟ್ಟಿಗೆಗೆ ವಿದ್ಯುತ್ತು ಬರುವುದು 30 ಮಿಲಿಆಂಪಿಯರಿನ ಸೋರಿಕೆಗೇ ಬೀಳುವ ಸುರಕ್ಷಾ ಸ್ವಿಚ್ಚಿನ ಮೂಲಕ. ಪುನರ್ವಸು ಮಳೆಯಲ್ಲಿ ಅದು ಎರಡು ಸಲ ಬಿತ್ತು; ಎರಡು ಸಲವೂ ಹೀಟರಿನ ತುದಿಯ ಪಿಂಗಾಣಿ ತೇವ ಹೀರಿತ್ತು. ಈಗ ಮೊದಲ ಹತ್ತು ನಿಮಿಷ ಖಾಲಿ ಪೆಟ್ಟಿಗೆಯನ್ನು 40 ಡಿಗ್ರಿಯಲ್ಲಿ ಇಟ್ಟು ಆಮೇಲೆ ಏರಿಸುತ್ತೇನೆ.

ಫ್ಯಾನನ್ನು ಎಲ್ಲಿ ಇಡಬೇಕೆಂಬುದರಲ್ಲಿ ನಾನು ಮಾಡಿದ ತಪ್ಪು ಹೇಳಿಕೊಳ್ಳಲು ಸಂಕೋಚವಾಗುವಂಥದ್ದು. ತೇವದ ಗಾಳಿಯನ್ನು ಹೊರಗೆ ಎಳೆಯಬೇಕಲ್ಲವೇ ಎಂದುಕೊಂಡು ಅದನ್ನು ಮೇಲಿನ ತೂತಿಗೆ ಬಿಗಿದಿದ್ದೆ. 90 ಡಿಗ್ರಿಯ ಆವಿಯಲ್ಲಿ ಬೇರಿಂಗಿನ ಎಣ್ಣೆ ಒಣಗಿ ಮೂರನೆಯ ದಿನ ಫ್ಯಾನು ಕೀರಲು ಶುರುವಾಯಿತು, ನಾಲ್ಕನೆಯ ದಿನ ನಿಂತಿತು. ಎರಡನೆಯ ಫ್ಯಾನನ್ನು ಕೆಳಗೆ, ತಣ್ಣನೆಯ ಗಾಳಿ ಒಳಬರುವ ಕಡೆ, ಹೀಟರಿಗಿಂತ ಮುಂಚೆ ಇಟ್ಟೆ. ಅದು ಇಂದಿಗೂ ತಿರುಗುತ್ತಿದೆ. ಆದರೆ ಪೂರ್ತಿ ವೇಗದಲ್ಲಿ ಬಿಟ್ಟಾಗ ಒಂದು ಸಾವಿರ ವಾಟ್ ಇದ್ದೂ ಶಾಖ 60 ದಾಟಲಿಲ್ಲ, ಗಾಳಿ ಕಾಯುವ ಮೊದಲೇ ಮೇಲೆ ಹೋಗುತ್ತಿತ್ತು. ಫ್ಯಾನಿನ ಬಾಯಿಗೆ ಜಾರುವ ತಗಡಿನ ಮುಚ್ಚಳ ಕೂರಿಸಿ ಕಾಲು ಭಾಗಕ್ಕಿಂತ ಕಡಿಮೆ ತೆರೆದ ಮೇಲೆ 95 ಡಿಗ್ರಿ ಬಂತು. ತಟ್ಟೆ ತಟ್ಟೆಗೂ ಶಾಖದಲ್ಲಿ ಅಂತರವಿತ್ತು: ಕೆಳಗಿನದಕ್ಕೆ 104, ಮೇಲಿನದಕ್ಕೆ 71. ಹೀಟರಿನ ಮೇಲೆ ತೂತು ಕೊರೆದ ತಗಡಿನ ಹಾಳೆಯೊಂದನ್ನು ಅಡ್ಡ ಇಟ್ಟದ್ದರಿಂದ ಅರ್ಧ ಪರಿಹಾರವಾಯಿತು. ಇನ್ನರ್ಧಕ್ಕೆ ಹತ್ತು ನಿಮಿಷಕ್ಕೊಮ್ಮೆ ತಟ್ಟೆಗಳ ಜಾಗ ಬದಲಾಯಿಸುವ ಹಳೆಯ ಉಪಾಯವೇ ಗತಿ.

ಅಷ್ಟೆಲ್ಲ ಆದ ಮೇಲೆ ಮಾಡಿದ ಮೊದಲ ಚಹಾ ಎನಾಮೆಲ್ ಬಣ್ಣದ ವಾಸನೆ ಹೊಡೆಯಿತು. ಟ್ರಂಕಿನ ಒಳಮೈಗೆ ಹಚ್ಚಿದ್ದ ಹಸಿರು ಬಣ್ಣ ನಲವತ್ತು ವರ್ಷ ಸುಮ್ಮನಿದ್ದು, ಶಾಖ ತಾಗಿದೊಡನೆ ಮಾತಾಡಿತು. ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆ ಇರುವುದರಿಂದ ಒಣಗಿಸಿ ಉಜ್ಜದೆ, ಅಂಗಳದ ಮಾಡಿನ ಕೆಳಗೆ ಒದ್ದೆ ಮಾಡಿಕೊಂಡು, ಮುಖಕ್ಕೆ ಮುಸುಕು ಕಟ್ಟಿ, ಮರಳು ಕಾಗದದಿಂದ ಎರಡು ದಿನ ತಿಕ್ಕಿ ತಗಡು ಕಾಣುವ ಹಾಗೆ ಮಾಡಿದೆ. ಅನಂತರ ಖಾಲಿ ಪೆಟ್ಟಿಗೆಯನ್ನು 110 ಡಿಗ್ರಿಯಲ್ಲಿ ಆರು ಗಂಟೆ ಕಾಯಿಸಿದೆ. ನಿಯಂತ್ರಕ ಅಳೆಯಬಲ್ಲ ಗರಿಷ್ಠ ಶಾಖವೂ 110 ಡಿಗ್ರಿಯೇ, ಅದಕ್ಕಿಂತ ಮೇಲೆ ಅದರ ಮಾತನ್ನು ನಂಬುವಂತಿಲ್ಲ. ಚಹಾ ಎಷ್ಟು ಬೇಗ ವಾಸನೆ ಹಿಡಿಯುತ್ತದೆ ಎಂಬುದು ನನಗೆ ಮೊದಲೇ ತಿಳಿದಿರಬೇಕಿತ್ತು: ಹಿಂದಿನ ವರ್ಷ ಕಾಳುಮೆಣಸಿನ ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದ ಒಂದು ಪೊಟ್ಟಣ ದಸರೆಯ ಹೊತ್ತಿಗೆ ಸಾರಿನ ಪುಡಿಯಂತಾಗಿತ್ತು.

ಬಾಡಿಸುವ ಹಂತದಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಆರಿದ್ರೆಯ ಮಳೆ ಬಿಡದೆ ಹೊಯ್ಯುತ್ತಿದ್ದ ಎಂಟು ದಿನಗಳಲ್ಲಿ ಜಗುಲಿಯಲ್ಲಿ ಬಿದಿರಿನ ತಟ್ಟೆಯಾದ ಗೆರಸಿಯ ಮೇಲೆ ಹರಡಿದ ಎಲೆ ಹದಿನೆಂಟು ಗಂಟೆಯಾದರೂ ಬಾಡಲಿಲ್ಲ, ಬದಲಿಗೆ ತೂಕ 20 ಗ್ರಾಂ ಹೆಚ್ಚಿತು. ಮನೆಯಲ್ಲಿ ಒಣ ಜಾಗವೆಂದರೆ ಬಚ್ಚಲೊಲೆಯ ಮೇಲಿನ ಅಟ್ಟ ಒಂದೇ. ಅಲ್ಲಿ ಎಲೆ ಆರು ಗಂಟೆಯಲ್ಲಿ ಹದವಾಗಿ ಬಾಡಿತು, ಜೊತೆಗೆ ಹೊಗೆಯನ್ನೂ ಕುಡಿಯಿತು. ಚೀನದ ಫುಜಿಯನ್ ಪ್ರಾಂತ್ಯದ ವುಯಿ ಬೆಟ್ಟಗಳಲ್ಲಿ ಪೈನ್ ಮರದ ಹೊಗೆ ತಾಗಿಸಿ ಮಾಡುವ ಲಪ್ಸಾಂಗ್ ಸೂಚಾಂಗ್ ಎಂಬ ಚಹಾಕ್ಕೆ ಲೋಕದಲ್ಲಿ ಒಳ್ಳೆಯ ಬೆಲೆಯೇ ಇದೆ. ನಮ್ಮದು ಅಡಿಕೆ ಸೋಗೆ, ತೆಂಗಿನ ಕರಟ, ಒದ್ದೆ ಮಾವಿನ ಸೌದೆಗಳ ಹೊಗೆ. ನಾನು ಅದನ್ನು ಎರಡು ದಿನ ಹಟದಿಂದ ಹೊಗಳಿದೆ. "ಸ್ನಾನಕ್ಕೆ ನೀರು ಕಾದಿದೆಯೋ ಎಂದು ನೋಡಿದ ಹಾಗಾಗುತ್ತದೆ" ಎಂದು ಹೆಂಡತಿ ಅಂದ ಮೇಲೆ ಉಳಿದದ್ದನ್ನು ತೆಂಗಿನ ಬುಡಕ್ಕೆ ಹಾಕಿದೆ.

ಪರಿಹಾರ ಕಣ್ಣ ಮುಂದೆಯೇ ಇತ್ತು. 95 ಡಿಗ್ರಿಗೆ ಹೇಳಿದರೆ 95ಕ್ಕೆ ನಿಲ್ಲುವ ಪೆಟ್ಟಿಗೆ 32 ಡಿಗ್ರಿಗೆ ಹೇಳಿದರೆ 32ಕ್ಕೂ ನಿಲ್ಲುತ್ತದೆ. ಒಂದು ಹೀಟರನ್ನು ಕಳಚಿ, ಫ್ಯಾನಿನ ಬಾಯಿ ಪೂರ್ತಿ ತೆರೆದು, ಎಲೆಯನ್ನು ಅದೇ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಇಟ್ಟಾಗ ಏಳು ಗಂಟೆಯಲ್ಲಿ ಒಂದು ಕಿಲೋ 660 ಗ್ರಾಂಗೆ ಇಳಿಯಿತು. ಹೊರಗಿನ 24 ಡಿಗ್ರಿಯ ತೊಯ್ದ ಗಾಳಿಯನ್ನು ಎಂಟು ಡಿಗ್ರಿ ಕಾಯಿಸಿದರೆ ಅದರ ತೇವಾಂಶ ನೂರರ ಹತ್ತಿರದಿಂದ 60ರ ಆಸುಪಾಸಿಗೆ ಬೀಳುತ್ತದೆ. ನೀರನ್ನು ತೆಗೆದುಹಾಕದೆಯೇ ಗಾಳಿಯನ್ನು ಬಾಯಾರಿಸುವ ವಿದ್ಯೆ ಇದು. ಬಾಡಿದ್ದು ಸಾಕೆ ಎಂದು ತಿಳಿಯಲು ತಕ್ಕಡಿ ಇಲ್ಲದಿದ್ದರೂ ನಡೆಯುತ್ತದೆ. ದಂಟನ್ನು ಬಗ್ಗಿಸಿದರೆ ಮುರಿಯಬಾರದು, ಮುಷ್ಟಿಯಲ್ಲಿ ಹಿಂಡಿ ಬಿಟ್ಟ ಎಲೆ ಉಂಡೆಯಾಗಿಯೇ ಉಳಿದು ನಿಧಾನಕ್ಕೆ ಬಿಚ್ಚಿಕೊಳ್ಳಬೇಕು. ಮುರಿಯುವ ಎಲೆಯನ್ನು ಹೊಸೆದರೆ ಚೂರಾಗುತ್ತದೆ.

ಹೊಸೆಯಲು ಯಂತ್ರ ಮಾಡುವ ಯೋಚನೆಯನ್ನು ಬಿಟ್ಟೆ. ಹಳೆಯ ಗೆರಸಿಯ ಬಿದಿರಿನ ಏಣುಗಳ ಮೇಲೆ ಅಂಗೈಯಿಂದ ಒಂದೇ ದಿಕ್ಕಿನಲ್ಲಿ ಒತ್ತಿ ಉರುಳಿಸಿದರೆ 300 ಗ್ರಾಂ ಎಲೆಗೆ 25 ನಿಮಿಷ ಸಾಕು. ನೊರೆಯಂತೆ ರಸ ಹೊರಟು, ಎಲೆ ಸುರುಳಿ ಸುತ್ತಿ, ಅಂಗೈ ಅಡಿಕೆ ಸುಲಿಯುವವರ ಅಂಗೈಯಾಗುವವರೆಗೆ ಹೊಸೆಯಬೇಕು. ಅನಂತರ ಎರಡು ಬೆರಳು ದಪ್ಪಕ್ಕೆ ಹರಡಿ, ಮೇಲೆ ಒದ್ದೆ ಪಂಚೆ ಮುಚ್ಚಿ ಜಗುಲಿಯಲ್ಲಿ ಇಡುತ್ತೇನೆ. ಮಳೆಗಾಲದಲ್ಲಿ ಪಂಚೆ ಬೇಡವೇ ಬೇಡ. ಎರಡೂವರೆ ಗಂಟೆಯ ಹೊತ್ತಿಗೆ ಎಲೆ ಹೊಸ ತಾಮ್ರದ ಬಣ್ಣಕ್ಕೆ ಬರುತ್ತದೆ, ಹಸಿ ಹುಲ್ಲಿನ ವಾಸನೆ ಹೋಗಿ ಮಾಗಿದ ಪೇರಲೆಯಂಥ ಪರಿಮಳ ಏಳುತ್ತದೆ. ಆ ಪರಿಮಳ ಏರಿ, ಇನ್ನೇನು ಇಳಿಯುತ್ತದೆ ಅನ್ನುವ ಹೊತ್ತಿಗೆ 95 ಡಿಗ್ರಿಗೆ ಕಾದು ನಿಂತ ಪೆಟ್ಟಿಗೆಗೆ ಹಾಕಬೇಕು. ಗಡಿಯಾರಕ್ಕಿಂತ ಮೂಗನ್ನು ನಂಬುವುದು ಇಲ್ಲಿ ಲಾಭ. ಐವತ್ತು ನಿಮಿಷಕ್ಕೆ ಎಲೆ ಒಣಗಿ, ದಂಟು ಚಟ್ಟೆಂದು ಮುರಿಯುತ್ತದೆ. ಒಮ್ಮೆ ಅವಸರಪಟ್ಟು 110ಕ್ಕೆ ಏರಿಸಿದ್ದೆ. ಹೊರಮೈ ಗಟ್ಟಿಯಾಗಿ ಒಳಗಿನ ನೀರು ಸಿಕ್ಕಿಹಾಕಿಕೊಂಡು, ಆ ಚಹಾ ಡಬ್ಬಿಯಲ್ಲಿ ಮೂರು ವಾರಕ್ಕೆ ಬೂಸಲು ಹಿಡಿಯಿತು.

ಪೆಟ್ಟಿಗೆ ಮಾತು ಕೇಳತೊಡಗಿದ ಮೇಲೆ ಒಂದೇ ಗಿಡದಿಂದ ಬೇರೆ ಬೇರೆ ಚಹಾ ಮಾಡುವ ಆಸೆ ಹುಟ್ಟಿತು. ಹಸಿರು ಚಹಾ, ಕಪ್ಪು ಚಹಾ ಬೇರೆ ಬೇರೆ ಗಿಡಗಳಿಂದ ಬರುತ್ತವೆ ಎಂದು ನಮ್ಮೂರಿನಲ್ಲಿ ಈಗಲೂ ನಂಬಿದವರಿದ್ದಾರೆ. ಎರಡೂ ಕ್ಯಾಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಗಿಡದವು. ಕಿಣ್ವವನ್ನು ಯಾವಾಗ ಕೊಲ್ಲುತ್ತೇವೆ ಎಂಬುದೇ ವ್ಯತ್ಯಾಸ. ಹಸಿರು ಚಹಾಕ್ಕೆ ಮೊದಲಿಗೇ ಕೊಲ್ಲಬೇಕು. ಜಪಾನಿನವರು ಆವಿಯಲ್ಲಿ, ಚೀನದವರು ಹೆಚ್ಚಾಗಿ ಬಾಣಲೆಯಲ್ಲಿ ಈ ಕೆಲಸ ಮಾಡುತ್ತಾರೆ. ನಾನು ಕಡುಬು ಬೇಯಿಸುವ ಪಾತ್ರೆಯಲ್ಲಿ ನೀರು ಕುದಿಸಿ, ಬಟ್ಟೆಯ ಮೇಲೆ ಹರಡಿದ ಎಲೆಗೆ 70 ಸೆಕೆಂಡು ಆವಿ ಕೊಟ್ಟು, ಕೂಡಲೇ ಬೀಸಣಿಗೆಯಲ್ಲಿ ಆರಿಸಿ, ಹೊಸೆದು, ಪೆಟ್ಟಿಗೆಯಲ್ಲಿ 80 ಡಿಗ್ರಿಗೆ ಒಣಗಿಸಿದೆ. 40 ಸೆಕೆಂಡಿಗೆ ತೆಗೆದಾಗ ಎಲೆಯ ಅಂಚು ಕೆಂಪಾಯಿತು, ಎರಡು ನಿಮಿಷ ಬಿಟ್ಟಾಗ ಬಸಳೆ ಸೊಪ್ಪಾಯಿತು. ಬಾಣಲೆಯದು ಹೆಚ್ಚು ಪರಿಮಳದ್ದು, ಆದರೆ ಹತ್ತು ಸಲದಲ್ಲಿ ಮೂರು ಸಲ ಸೀದಿತು.

ಇವೆರಡರ ನಡುವಿನ ಊಲಾಂಗ್ ಚಹಾ ನನಗೆ ಪೂರ್ತಿ ಒಲಿದಿಲ್ಲ. ಬಾಡಿದ ಎಲೆಯನ್ನು ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಕುಲುಕಿ, ಅಂಚುಗಳು ಮಾತ್ರ ಜಜ್ಜಿ ಕೆಂಪಾಗುವಂತೆ ಮಾಡಿ, ಒಂದು ಗಂಟೆ ಬಿಟ್ಟು ಮತ್ತೆ ಕುಲುಕಿ, ಹೀಗೆ ನಾಲ್ಕು ಬಾರಿ ಮಾಡಿ ಬಾಣಲೆಗೆ ಹಾಕಬೇಕು. ರಾತ್ರಿಯೆಲ್ಲ ಎಚ್ಚರವಿದ್ದು ಮಾಡಿದ ಮೂರು ಪ್ರಯತ್ನಗಳಲ್ಲಿ ಒಂದು ಮಾತ್ರ, ಮಘೆ ಮಳೆಯ ಕೊನೆಯಲ್ಲಿ ಮಾಡಿದ್ದು, ಸಂಪಿಗೆಯ ನೆನಪು ತರುವಂತಿತ್ತು. ಅದು 60 ಗ್ರಾಂ. ಬಿಳಿ ಚಹಾ ಇದಕ್ಕೆ ತದ್ವಿರುದ್ಧ, ಮೊಗ್ಗನ್ನು ಬಾಡಿಸಿ ಒಣಗಿಸಿದರೆ ಮುಗಿಯಿತು. ಹದಿನಾಲ್ಕು ಗಿಡಗಳ ಮೊಗ್ಗೆಲ್ಲ ಸೇರಿ ಆದದ್ದು 20 ಗ್ರಾಂ ಆದುದರಿಂದ ಅದರ ಬಗ್ಗೆ ಹೆಚ್ಚು ಮಾತಿಲ್ಲ.

ಒಂದು ಸಲದ ಚಹಾವನ್ನು ಇನ್ನೊಂದು ಸಲದ್ದರೊಡನೆ ಹೋಲಿಸಲು ನಾಲಿಗೆಯ ಮರ್ಜಿಯನ್ನು ನೆಚ್ಚದೆ ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನಕದ ಕ್ರಮವನ್ನು ಹಿಡಿದೆ: 100 ಮಿಲಿಲೀಟರ್ ಕುದಿ ನೀರಿಗೆ 2 ಗ್ರಾಂ ಚಹಾ, ಮುಚ್ಚಿ 6 ನಿಮಿಷ. ಇದಕ್ಕೆ ಮೂಲವಾದ ಬ್ರಿಟಿಷ್ ಮಾನಕಕ್ಕೆ 1999ರಲ್ಲಿ ಇಗ್ನೊಬೆಲ್ ಎಂಬ ಹಾಸ್ಯದ ಪ್ರಶಸ್ತಿ ಬಂದಿತ್ತು. ಚಹಾ ಕಾಯಿಸಲು ಆರು ಪುಟದ ಕಾನೂನು ಬೇಕೆ ಎಂದು ಜನ ನಕ್ಕದ್ದು ಸಹಜ, ಆದರೆ ಆ ಮಾನಕ ರುಚಿಯಾದ ಚಹಾಕ್ಕಾಗಿ ಅಲ್ಲ, ದೋಷ ಬಚ್ಚಿಟ್ಟುಕೊಳ್ಳಲಾಗದ ಚಹಾಕ್ಕಾಗಿ ಇರುವುದು. ಹಾಗೆ ಮಾಡಿದ ಬಟ್ಟಲಿನಲ್ಲಿ ಬೆಂದ ವಾಸನೆ, ಹೊಗೆ, ಬಣ್ಣದ ವಾಸನೆ ಎಲ್ಲವೂ ಎದ್ದು ಕಾಣುತ್ತವೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ನಮ್ಮಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ, ಆ ಎರಡು ಡಿಗ್ರಿಯಿಂದ ಏನೂ ಕೆಡುವುದಿಲ್ಲ. ನೀರು ಯಾವುದು ಎಂಬುದು ಅದಕ್ಕಿಂತ ದೊಡ್ಡ ವಿಷಯ. ಗುಡ್ಡದ ಅಬ್ಬಿಯಿಂದ ಬರುವ ನೀರು ಮೃದುವಾದ್ದರಿಂದ ಹಾಲಿಲ್ಲದ ಕಣ್ಣು ಚಾ ಕೆಂಪು ಹರಳಿನಂತೆ ನಿಲ್ಲುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಅದೇ ಚಹಾ ಮಂಕಾಗಿ ಮೇಲೆ ಕೆನೆಯಂಥ ಪೊರೆ ಕಟ್ಟುತ್ತದೆ.

ಕುಡಿಯಲು ಮಾಡುವಾಗ ಈ ಕ್ರಮ ಬೇಡ. ಹಸಿರಿಗೆ ಕುದಿದ ನೀರನ್ನು ಎರಡು ಸಲ ಲೋಟದಿಂದ ಲೋಟಕ್ಕೆ ಸುರಿದು 80 ಡಿಗ್ರಿಗೆ ಇಳಿಸಿ ಎರಡು ನಿಮಿಷ ಬಿಟ್ಟರೆ ಸಾಕು, ಕುದಿ ನೀರು ಹಾಕಿದರೆ ಕಹಿ ಮುಂದಾಗುತ್ತದೆ. ಕಪ್ಪಿಗೆ ಕುದಿ ನೀರು, ಮೂರೂವರೆ ನಿಮಿಷ. ಊಲಾಂಗಿಗೆ 90 ಡಿಗ್ರಿ, ಒಂದೊಂದೇ ನಿಮಿಷದಂತೆ ನಾಲ್ಕು ಬಾರಿ. ಹಾಲು ಹಾಕುವ ಚಹಾಕ್ಕೆ ನನ್ನ ಎಲೆ ನಿಲ್ಲುವುದಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಹಾಲಿನ ಕೇಸೀನ್ ಒಗರನ್ನು ಹಿಡಿದುಬಿಡುತ್ತದೆ, ಉಳಿಯಬೇಕಾದರೆ ಮೊದಲೇ ಒಗರು ಹೆಚ್ಚಿರಬೇಕು. ಅಂಥ ಚಹಾಕ್ಕೆ ಒದಗುವುದು ಸಿಟಿಸಿ ಚಹಾ: ಎಲೆಯನ್ನು ಹಲ್ಲಿನ ಉರುಳೆಗಳ ನಡುವೆ ಹಿಸುಕಿ, ಹರಿದು, ಕಾಳು ಮಾಡುವ ಸಿಟಿಸಿ ಯಂತ್ರವನ್ನು 1930ರ ಸುಮಾರಿಗೆ ಅಸ್ಸಾಮಿನಲ್ಲಿ ವಿಲಿಯಂ ಮೆಕರ್ಚರ್ ಎಂಬಾತ ಮಾಡಿದ. ನಾವು ಅಂಗಡಿಯಿಂದ ತರುವ ಪುಡಿಯೆಲ್ಲ ಆ ಉರುಳೆಗಳ ಸಂತಾನ. ಅಮ್ಮನ ಬೆಳಗಿನ ಚಹಾ ಈಗಲೂ ಆ ಪುಡಿಯದ್ದೇ. ಸಂಜೆಯದ್ದಕ್ಕೆ ಮಾತ್ರ, ಮಜ್ಜಿಗೆ ಹುಲ್ಲಿನ ಒಂದು ಗರಿ ಹಾಕಿದ ನನ್ನ ಕಪ್ಪು ಚಹಾವನ್ನು ಹಾಲಿಲ್ಲದೆ ಕುಡಿಯುತ್ತಾರೆ.

ಹಸ್ತದ ಮಳೆಯಲ್ಲಿ ಮಾಡಿದ ಹದಿನೇಳನೆಯ ಸಲದ ಲೆಕ್ಕ ಹೀಗಿದೆ: ಹಸಿ ಎಲೆ 1,040 ಗ್ರಾಂ, ಬಾಡಿದ ಮೇಲೆ 690, ಒಣಗಿದ ಮೇಲೆ 236. ಪೂರ್ತಿ ಕೆಲಸಕ್ಕೆ ಖರ್ಚಾದ ವಿದ್ಯುತ್ತು ಎರಡೂವರೆ ಯೂನಿಟ್, ಅದರಲ್ಲಿ ಹೆಚ್ಚಿನ ಪಾಲು ಬಾಡಿಸುವ ಏಳು ಗಂಟೆಯದು. ಬಾಗಿಲಿನ ಅಂಚಿನಲ್ಲಿ ಇನ್ನೂ ಬಿಸಿ ಗಾಳಿ ಸೋರುತ್ತದೆ, ಮೇಲಿನ ತಟ್ಟೆಯ ಎಡ ಮೂಲೆ ಯಾವಾಗಲೂ ಐದು ನಿಮಿಷ ಹಿಂದೆ ಬೀಳುತ್ತದೆ. ಸಿಲಿಕೋನ್ ಪಟ್ಟಿ ತಂದಿಟ್ಟಿದ್ದೇನೆ. ಆದರೆ ಚಿತ್ತೆಯ ಮಳೆ ಹಿಡಿಯುತ್ತಿದ್ದಂತೆ ಅಡಿಕೆ ಕೊಯಿಲು ಶುರುವಾಗಿದೆ, ಮನೆಯ ತುಂಬ ಚೊಗರಿನ ವಾಸನೆ ಇರುವ ಈ ಎರಡು ತಿಂಗಳು ಚಹಾದ ಪೆಟ್ಟಿಗೆಯ ಬಾಗಿಲು ತೆರೆಯುವ ಧೈರ್ಯ ನನಗಿಲ್ಲ.